ಮೆಟ್ಟಿಲು ಕಾಲಿಗೆ ಒಳ್ಳೆಯದು

ಹಗಲು ಅವನು ಜನರನ್ನು ಮೇಲಕ್ಕೆ ಕಳಿಸುತ್ತಿದ್ದ, ಸಂಜೆ ಅದರ ಬಗ್ಗೆಯೇ ಓದುತ್ತಿದ್ದ. ಈ ಜೋಕನ್ನು ಬೇರೆಯವರು ಹೇಳುವ ಮೊದಲು ತಾನೇ ಹೇಳಿ ಮುಗಿಸಿಬಿಡುವುದು ಅವನ ಅಭ್ಯಾಸ. ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಮೆಕ್ಯಾನಿಕ್ ಅವನು. ಕೆಲಸ ಮುಗಿದ ಮೇಲೆ ಉಗುರಿನ ಸಂದಿಯ ಗ್ರೀಸನ್ನು ಉಜ್ಜಿ, ಅದು ಹೋಗದಿದ್ದರೆ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಕ್ಯಾಥೊಲಿಕ್ ದೈವಶಾಸ್ತ್ರ ಕಾಲೇಜಿನ ಸ್ನಾತಕೋತ್ತರ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದ. ಅಲ್ಲಿ ಓದುವವರಲ್ಲಿ ಹೆಚ್ಚಿನವರು ಚರ್ಚಿನ ಗುರುಗಳಾಗಲು, ಅಂದರೆ ಫಾದರ್ ಆಗಲು, ಹೊರಟವರು. ಬರೀ ಓದಲೆಂದು ಬಂದ ಇವನಂಥವರು ಬೆರಳೆಣಿಕೆಯಷ್ಟು.

ಬಟ್ಟೆ ಹೊಲಿಯುತ್ತಿದ್ದ ಅವನ ತಾಯಿಗೆ ಈ ಓದು ಕೊನೆಗೂ ಅರ್ಥವಾಗಲಿಲ್ಲ.

"ಫಾದರ್ ಆಗ್ತೀಯೇನೋ?"

"ಇಲ್ಲಮ್ಮ."

"ಹಾಗಾದ್ರೆ ಮದುವೆ ಆಗ್ತೀಯ?"

"ಸದ್ಯಕ್ಕಿಲ್ಲಮ್ಮ."

"ಅದೂ ಇಲ್ಲ, ಇದೂ ಇಲ್ಲ. ಎರಡು ಮಹಡಿ ಮಧ್ಯೆ ನಿಂತ ಲಿಫ್ಟ್ ಆಗಿದೀಯ ನೀನು," ಎಂದು ಆಕೆ ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡುತ್ತಿದ್ದರು.

ಕಾರಣ ಇಲ್ಲದೆ ಇರಲಿಲ್ಲ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗೋಡೆ ಬಡಿಯುತ್ತ ದೇವರನ್ನು ಕರೆಯುತ್ತಾರೆ, ಬರುವವನು ಇವನು. ಬಾಗಿಲು ತೆರೆದ ಮೇಲೆ ಅವರು ದೇವರಿಗೆ ಧನ್ಯವಾದ ಹೇಳಿ, ಇವನಿಗೆ "ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ?" ಎಂದು ಬೈದು ಹೋಗುತ್ತಾರೆ. ಕರೆ ಒಬ್ಬನಿಗೆ, ಬೈಗುಳ ಇನ್ನೊಬ್ಬನಿಗೆ. ಈ ವಿಳಾಸದ ಗೊಂದಲ ಏನೆಂದು ತಿಳಿಯಬೇಕೆಂದೇ ಕಾಲೇಜು ಸೇರಿದ್ದ. ಮೂರನೆಯ ವರ್ಷಕ್ಕೆ ಬಂದರೂ ಗೊಂದಲ ಹಾಗೇ ಇತ್ತು. ಬೈಗುಳ ಮಾತ್ರ ಮೊದಲಿನಷ್ಟು ಚುಚ್ಚುತ್ತಿರಲಿಲ್ಲ.

ಕಾಲೇಜಿನಲ್ಲಿ ಅವನಿಗೆ ಸಿಕ್ಕ ಹೆಸರು "ಪಾಪಿ". ಅದಕ್ಕೆ ಕಾರಣ ಅಲ್ಲಿನ ಒಂದು ಪರೀಕ್ಷೆ.

ಗುರುದೀಕ್ಷೆಗೆ ಇನ್ನೊಂದೇ ಹಂತ ಬಾಕಿಯಿರುವವರನ್ನು ಡೀಕನ್ ಅನ್ನುತ್ತಾರೆ. ನಾಳೆ ಗುರುಗಳಾದ ಮೇಲೆ ಅವರು ಜನರ ಪಾಪನಿವೇದನೆ ಕೇಳಬೇಕು, ಅಂದರೆ ಜನ ಗುಟ್ಟಾಗಿ ಹೇಳಿಕೊಳ್ಳುವ ಪಾಪಗಳನ್ನು ಕೇಳಿ ದೇವರ ಹೆಸರಿನಲ್ಲಿ ಕ್ಷಮೆ ಕೊಡಬೇಕು. ಅದನ್ನು ಏಕಾಏಕಿ ಕೇಳಲಾಗುತ್ತದೆಯೇ? ಈಜು ಕಲಿಯದವನನ್ನು ನಡು ಹೊಳೆಗೆ ನೂಕಿದ ಹಾಗಾದೀತು. ಅದಕ್ಕೇ ಕಾಲೇಜಿನಲ್ಲಿ ಅಭ್ಯಾಸದ ನಿವೇದನೆ ನಡೆಯುತ್ತಿತ್ತು. ಒಂದು ಕೋಣೆ, ಎರಡು ಕುರ್ಚಿ, ನಡುವೆ ತೂತಿನ ಮರದ ಪರದೆ. ಆಚೆ ಡೀಕನ್, ಈಚೆ ಸುಳ್ಳು ಪಾಪ ಹೇಳಲು ಒಪ್ಪಿಕೊಂಡ ಒಬ್ಬ ವಿದ್ಯಾರ್ಥಿ. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತ ಪ್ರೊಫೆಸರ್.

ಇಲ್ಲಿ ಇವನನ್ನು ಮೀರಿಸುವವರೇ ಇರಲಿಲ್ಲ. ಹೆಂಡತಿಗೆ ಮೋಸ ಮಾಡಿದವನಾಗಿ ಅತ್ತಿದ್ದ, ಆ ಹೆಂಡತಿಯನ್ನು ಕನಸಿನಲ್ಲೂ ಕಾಣದವನು. ತಮ್ಮನ ಆಸ್ತಿ ನುಂಗಿದ ಅಣ್ಣನಾಗಿ ನಡುಗಿದ್ದ, ಅವನಿಗೆ ತಮ್ಮನೂ ಇರಲಿಲ್ಲ, ಆಸ್ತಿಯೂ ಇರಲಿಲ್ಲ. ಪಾಪಿ ಬರುತ್ತಾನೆಂದರೆ ಡೀಕನ್‌ಗಳ ಮುಖ ಸುಣ್ಣ ಬಳಿದಂತಾಗುತ್ತಿತ್ತು. ಅವನಿಗೋ ಒಳಗೊಳಗೇ ಹೆಮ್ಮೆ. ಹಗಲೆಲ್ಲ ಯಾರೂ ಮುಖ ನೋಡದ ಕೆಲಸ ಮಾಡುವವನಿಗೆ, ಮುಖವೇ ಕಾಣದ ಪರದೆಯ ಹಿಂದೆ ಸಿಕ್ಕಿದ ಖ್ಯಾತಿ ಅದು.

ಪ್ರೊಫೆಸರು ಮುದುಕರು, ಮೊಣಕಾಲು ನೋವಿನವರು, ಕೋಲು ಹಿಡಿದು ನಡೆಯುವವರು. ಅವರಿಗೆ "ಬೀಗದ ಫಾದರ್" ಎಂದು ಅಡ್ಡಹೆಸರು. ಪ್ರತಿ ತರಗತಿಯಲ್ಲೂ ಅವರು ಹೇಳುವುದು ಅದನ್ನೇ: "ಕೇಳಿದ ಮೇಲೆ ಬಾಯಿಗೆ ಬೀಗ, ಕೀಲಿ ಸಮುದ್ರಕ್ಕೆ. ಅವನ ಪಾಪವನ್ನು ಅವನ ಹತ್ತಿರವೇ ಮತ್ತೆ ಎತ್ತಬೇಕಾದರೂ ಅವನ ಅಪ್ಪಣೆ ಬೇಕು." ಅಭ್ಯಾಸಕ್ಕೂ ಅವರು ಅದೇ ನಿಯಮ ಇಟ್ಟಿದ್ದರು. ಆಟದ ಪಾಪವನ್ನು ಹೊರಗೆ ಆಡಿದವನೂ ಫೇಲು, ಅದನ್ನು ನೆಚ್ಚಿ ನಡೆದುಕೊಂಡವನೂ ಫೇಲು. ಪಾಪ ಹೇಳುವವರಿಗೂ ಒಂದು ನಿಯಮವಿತ್ತು: ಪಾಪ ಎಲ್ಲಿಂದ ಬೇಕಾದರೂ ತನ್ನಿ, ನಿಜವಾದ ಜಾಗದ, ನಿಜವಾದ ಜನರ ಹೆಸರು ತರಬೇಡಿ.

ಆ ಸಂಜೆ ಪರದೆಯ ಆಚೆ ಇದ್ದವನು ಕಂಬ.

ಆರಡಿ ಎತ್ತರ, ಬಾಗಿಲು ತುಂಬುವ ಹೆಗಲು, ಮೂರು ಪ್ರಶ್ನೆಗೆ ಒಂದು ಉತ್ತರ. ಅದಕ್ಕೇ ಎಲ್ಲರ ಬಾಯಲ್ಲೂ ಕಂಬ. ಆ ಡೀಕನ್ ಈ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದ. ಮೊದಲ ಸಲ ಸುಳ್ಳು ಪಾಪ ಕೇಳಿ ನಿಜವಾಗಿ ಅತ್ತುಬಿಟ್ಟಿದ್ದ. ಎರಡನೆಯ ಸಲ ಒಂದು ಮಾತೂ ಹೊರಡದೆ ಹಾಗೇ ಕೂತುಬಿಟ್ಟಿದ್ದ. ಇದು ಮೂರನೆಯದು. ಈ ಸಲವೂ ಬಿದ್ದರೆ ಗುರುದೀಕ್ಷೆ ಇಲ್ಲ, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗಬೇಕು ಎಂದು ಬಿಷಪ್ಪರು ಹೇಳಿಯಾಗಿತ್ತು. ಕೋಣೆಗೆ ಹೋಗುವ ಮೊದಲು ಅವನು ಪಾಪಿಯನ್ನು ಕಾರಿಡಾರಿನಲ್ಲಿ ತಡೆದಿದ್ದ. ಏನೋ ಬೇಡಿಕೊಳ್ಳುತ್ತಾನೆ, ಸುಲಭದ ಪಾಪ ತಾ ಅನ್ನುತ್ತಾನೆ ಎಂದುಕೊಂಡರೆ, "ಚೆನ್ನಾಗಿ ಮಾಡು. ನನಗೋಸ್ಕರ ಬಿಟ್ಟುಕೊಡಬೇಡ," ಎಂದಷ್ಟೇ ಹೇಳಿ ಹೋಗಿದ್ದ.

ಪಾಪಿ ಬಿಟ್ಟುಕೊಡಲಿಲ್ಲ.

"ನಾನು ಲಿಫ್ಟ್ ಮೆಕ್ಯಾನಿಕ್," ಎಂದು ಶುರು ಮಾಡಿದ. ಸುಳ್ಳಿಗೆ ಒಂದು ಚಿಟಿಕೆ ನಿಜ ಬೆರೆಸಿದರೆ ರುಚಿ ಹೆಚ್ಚು ಎಂಬುದು ಅವನ ಲೆಕ್ಕಾಚಾರ. "ತಿಂಗಳಿಗೊಂದು ಸಲ ಮಾಳಿಗೆ ಹತ್ತಿ ಮೋಟರಿನ ಬ್ರೇಕ್ ಬಿಚ್ಚಿ ನೋಡಬೇಕು, ಫಾದರ್. ಈ ಸಲ ಹತ್ತಲಿಲ್ಲ. ಕೆಳಗೆ ಟೀ ಕುಡೀತಾ ಸಹಿ ಹಾಕಿಬಿಟ್ಟೆ. ಹೋದ ಸಲ ನೋಡಿದಾಗಲೇ ಬ್ರೇಕ್ ಸವೆದಿತ್ತು. ಜನ ಓಡಾಡ್ತಾನೇ ಇದಾರೆ."

ಪರದೆಯ ಆಚೆ ಕುರ್ಚಿ ಕಿರುಗುಟ್ಟಿತು.

"ಎಲ್ಲಿ?" ಎಂದ ಕಂಬ.

ಆ ಪ್ರಶ್ನೆ ಬರುತ್ತದೆಂದು ಪಾಪಿ ಎಣಿಸಿರಲಿಲ್ಲ. ಎಣಿಸಿದ್ದರೆ ಊರಿನಲ್ಲೇ ಇಲ್ಲದ ಕಟ್ಟಡವೊಂದನ್ನು ಕಟ್ಟಿಕೊಂಡು ಬರುತ್ತಿದ್ದ. ಈಗ ಆ ದಿನವೇ ಕೆಲಸ ಮುಗಿಸಿ ಬಂದ ಕಟ್ಟಡ ನಾಲಿಗೆಯ ತುದಿಯಲ್ಲಿತ್ತು, ಜಾರಿಬಿತ್ತು: "ಬಸ್ ಡಿಪೋ ಹಿಂದಿನ ಮೂಳೆ ಕ್ಲಿನಿಕ್."

ಮೂಲೆಯಲ್ಲಿ ಕೋಲು ನೆಲಕ್ಕೆ ತಾಗಿದ ಸದ್ದಾಯಿತು. ಪಾಪಿ ಅದನ್ನು ಲೆಕ್ಕಿಸಲಿಲ್ಲ. ಹದ ಬಂದಾಗ ಕೈ ತಡೆಯುವ ಜಾಯಮಾನ ಅವನದಲ್ಲ.

"ನಾಳೆ ಹೋಗಿ ಸರಿ ಮಾಡ್ತೀರಾ?"

"ಹೇಗೆ ಮಾಡ್ಲಿ? ಸಹಿ ಹಾಕಿದ ಮೇಲೆ ಯಾಕೆ ಮತ್ತೆ ಬಂದೆ ಅಂತ ಕೇಳ್ತಾರೆ. ಕೆಲಸ ಹೋಗುತ್ತೆ. ಮನೇಲಿ ತಾಯಿ ಇದಾರೆ. ನಾನು ಹೋಗಲ್ಲ, ಫಾದರ್. ಕ್ಷಮೆ ಕೊಟ್ಟುಬಿಡಿ, ಸಾಕು." ಹೇಳುತ್ತ ಹೇಳುತ್ತ ಧ್ವನಿಯನ್ನು ಸರಿಯಾದ ಜಾಗದಲ್ಲಿ ಒಡೆದ. ಅದನ್ನು ಎಲ್ಲಿ ಒಡೆಯಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಹಳ ಹೊತ್ತು ಮಾತಿಲ್ಲ. ಕಂಬ ಬಿತ್ತು, ಮನೆಗೆ ಹೋಯಿತು ಎಂದುಕೊಂಡ ಪಾಪಿ. ಅಷ್ಟರಲ್ಲಿ ಆಚೆಯಿಂದ ಇದುವರೆಗೂ ಕೇಳದ ಒಂದು ಸ್ವರ ಬಂತು. ಮೆಲ್ಲಗಿತ್ತು, ಬಗ್ಗುವಂತಿರಲಿಲ್ಲ.

"ಈಗ ಕ್ಷಮೆ ಕೊಡೋಕಾಗಲ್ಲ, ಅಣ್ಣ. ಕೊಡಬಾರದು ಅಂತಲ್ಲ, ನೀವು ಇನ್ನೂ ಕೈ ಚಾಚಿಲ್ಲ. ಒಂದು ಕೈಯಲ್ಲಿ ಆ ಲಿಫ್ಟ್ ಹಿಡಕೊಂಡು ಇನ್ನೊಂದು ಕೈಯಲ್ಲಿ ಕ್ಷಮೆ ಈಸ್ಕೊಳ್ಳೋಕೆ ಬರಲ್ಲ. ಹೋಗಿ ಸರಿ ಮಾಡಿ ಬನ್ನಿ. ಎಷ್ಟು ಹೊತ್ತಿಗೆ ಬಂದ್ರೂ ಇಲ್ಲೇ ಇರ್ತೀನಿ."

ಬೀಗದ ಫಾದರ್ ಕಣ್ಣು ತೆರೆದರು. ಫಲಿತಾಂಶ ಮಾರನೆಯ ಸಂಜೆ ಎಂದರು. ಪಾಸು ಎಂಬುದು ಅವರ ಮುಖದಲ್ಲೇ ಬರೆದಿತ್ತು. ಪಾಪಿ ಶಿಳ್ಳೆ ಹಾಕುತ್ತ ಮನೆಗೆ ಹೋದ, ತನ್ನಿಂದಲೇ ಒಬ್ಬ ಗುರು ಹುಟ್ಟಿದನೆಂಬ ಗತ್ತಿನಲ್ಲಿ.

ಬೆಳಿಗ್ಗೆ ಅವನ ಸೂಪರ್‌ವೈಸರ್ ಫೋನು ಬಂತು.

"ಏನ್ ಮಾಡಿ ಬಂದಿದೀಯೋ ನಿನ್ನೆ ಆ ಮೂಳೆ ಕ್ಲಿನಿಕ್‌ನಲ್ಲಿ?"

"ಯಾಕೆ ಸಾರ್? ಮಾಮೂಲಿ ಸರ್ವೀಸು."

"ಮಾಮೂಲಾ? ಯಾವನೋ ಬಿಳಿ ನಿಲುವಂಗಿಯವನು ಬಂದು ಲಿಫ್ಟ್ ಬಾಗಿಲಿಗೆ ಅಡ್ಡ ನಿಂತಿದಾನಂತೆ. ಒಬ್ಬರನ್ನೂ ಒಳಗೆ ಬಿಡ್ತಿಲ್ಲವಂತೆ. ಲಿಫ್ಟಿಗೆ ಏನಾಗಿದೆ ಅಂತ ಅವರು ನನ್ನ ಕೇಳ್ತಿದಾರೆ. ಏನಾದ್ರೂ ಇದ್ರೆ ಈಗಲೇ ಬೊಗಳು. ಇಲ್ಲಾಂದ್ರೆ ಹೋಗಿ ಅವನನ್ನ ಎಬ್ಬಿಸು. ಎರಡೂ ಆಗದಿದ್ರೆ ಟೂಲ್ ಬ್ಯಾಗು ಆಫೀಸಲ್ಲಿಟ್ಟು ಮನೆಗೆ ನಡಿ."

ಬಿಳಿ ನಿಲುವಂಗಿ ಎಂದದ್ದೇ ತಡ, ಪಾಪಿಗೆ ಹಾವು ತುಳಿದಂತಾಯಿತು.

ಕ್ಲಿನಿಕ್‌ನ ಒಳಗೆ ಸಂತೆ ನೆರೆದಂತಿತ್ತು. ಪ್ಲಾಸ್ಟರ್ ಹಾಕಿದ ಕಾಲುಗಳು, ಜೋಳಿಗೆಯಲ್ಲಿ ತೂಗುಬಿಟ್ಟ ಕೈಗಳು, ಎಲ್ಲರ ಬಾಯಲ್ಲೂ ಬೈಗುಳ. ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ಕಂಬ ನಿಂತಿದ್ದ. ನಿಲುವಂಗಿ ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿತ್ತು. ಬಾಗಿಲು ಕಾಯುವ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ಅವನ ಎದುರಿಗೆ ನಿಂತಿದ್ದಳು.

"ಓ, ಲಿಫ್ಟಿನವನು! ಬಂದೆಯಾ, ಪುಣ್ಯಾತ್ಮ!" ಎಂದಳು ಪಾಪಿಯನ್ನು ಕಂಡವಳೇ. "ಯಾಕಪ್ಪ ಅಡ್ಡ ನಿಂತಿದೀಯ ಅಂತ ಕೇಳಿ ಕೇಳಿ ಗಂಟಲು ಒಣಗೋಯ್ತು. 'ಮೆಟ್ಟಿಲು ಹತ್ತಿ ಅಮ್ಮ, ಕಾಲಿಗೆ ಒಳ್ಳೇದು' ಅಂತಾನೆ. ಮೂಳೆ ಕ್ಲಿನಿಕ್‌ನಲ್ಲಿ! ಕಾಲೇ ಮುರಿದವರಿಗೆ! ಪೊಲೀಸ್ ಕರೀತೀನಿ ಅಂದ್ರೆ ಕರೀರಿ ಅಂತಾನೆ. ಹತ್ತೋಕೆ ಆಗದವರನ್ನ ಕುರ್ಚಿ ಸಮೇತ ಹೊತ್ಕೊಂಡು ಹೋಗಿ ಮೇಲೆ ಬಿಟ್ಟು ಬರ್ತಾನೆ, ಓಡಿ ಬಂದು ಮತ್ತೆ ಅಡ್ಡ ನಿಲ್ತಾನೆ. ಬೆಳಗಿಂದ ಎಲ್ಲರಿಗೂ ಈ ಮೆಟ್ಟಿಲಿನ ಹುಚ್ಚು ಯಾಕೆ ಹಿಡೀತೋ ಕಾಣೆ."

ಪಾಪಿ ಹತ್ತಿರ ಹೋಗಿ ಪಿಸುಗುಟ್ಟಿದ. "ಬ್ರದರ್, ಏನಿದು? ಯಾಕಿಲ್ಲಿ ನಿಂತಿದೀರಿ?"

ಕಂಬ ಅವನನ್ನು ಮೊದಲ ಸಲ ನೋಡುತ್ತಿರುವವನಂತೆ ನೋಡಿದ. "ಮೆಟ್ಟಿಲು ಕಾಲಿಗೆ ಒಳ್ಳೇದು."

"ನಿನ್ನೆ ನಾನು ಹೇಳಿದ್ದಕ್ಕಾ?"

"ನಿನ್ನೆ ನೀನೇನು ಹೇಳಿದೆಯೋ ನನಗೆ ಗೊತ್ತಿಲ್ಲ."

ಆಗ ಹೊಳೆಯಿತು. ಬೀಗ! ಪಾಪ ಹೇಳಿದವನ ಎದುರಿಗೂ ಅದು ತೆರೆಯುವುದಿಲ್ಲ. ಪಾಪಿ ಅವನ ತೋಳು ಹಿಡಿದು ಮೆಟ್ಟಿಲಿನ ಕೆಳಗಿನ ಕತ್ತಲಿಗೆ ಎಳೆದ. ಎಳೆದ ಅನ್ನುವುದು ಬರೀ ಮಾತಿಗೆ. ಕಂಬ ತಾನಾಗಿ ಬಂದ, ಬರುವಾಗಲೂ ಒಂದು ಕಣ್ಣು ಲಿಫ್ಟಿನ ಮೇಲೇ ಇತ್ತು.

"ಆ ಮಾತು ನಾನೇ ಎತ್ತುತ್ತಿದೀನಿ, ನಾನೇ ಅಪ್ಪಣೆ ಕೊಡ್ತಿದೀನಿ. ನನ್ನ ಹತ್ರ ಮಾತಾಡಿ. ಅದು ಸುಳ್ಳು ಬ್ರದರ್! ಆಟ! ಬ್ರೇಕ್ ಸವೆದೂ ಇಲ್ಲ, ನಾನು ಟೀ ಕುಡೀತಾ ಸಹಿ ಹಾಕಿದ್ದೂ ಇಲ್ಲ."

"ಆಟ ಅಂತ ನನಗೂ ಗೊತ್ತು," ಎಂದ ಕಂಬ. ಬೀಗ ತೆರೆದಿತ್ತು, ಮಾತು ಮಾತ್ರ ತೊಟ್ಟು ತೊಟ್ಟಾಗಿ ಬಂತು. "ಆದ್ರೆ ನೀನು ನಿಜವಾಗ್ಲೂ ಲಿಫ್ಟ್ ಮೆಕ್ಯಾನಿಕ್ಕು. ಈ ಕ್ಲಿನಿಕ್ಕೂ ನಿಜ. ಬ್ರೇಕ್ ಒಂದೇ ಸುಳ್ಳು ಅಂತ ಹೇಗೆ ನಂಬಲಿ? ನಿನ್ನ ಧ್ವನಿ ನಡುಗ್ತು."

"ಅದು ನಟನೆ!"

"ಈಗಲೂ ನಡುಗ್ತಿದೆ."

"ಇದು ನಿಜ!"

ಕಂಬ ಅವನ ಮುಖವನ್ನೇ ದಿಟ್ಟಿಸಿದ. "ಎರಡೂ ಒಂದೇ ಥರ ಕೇಳಿಸ್ತಿದೆಯಲ್ಲೋ. ನಾನು ಯಾವುದನ್ನ ನಂಬಲಿ?"

ಪಾಪಿ ಇಷ್ಟು ವರ್ಷ ಸಾಣೆ ಹಿಡಿದ ಕತ್ತಿ ತಿರುಗಿ ಅವನ ಕುತ್ತಿಗೆಗೇ ಬಂದು ತಾಗಿತ್ತು.

"ಇದು ಗೊತ್ತಾದ್ರೆ ನೀವು ಫೇಲು," ಎಂದ. "ನಿನ್ನೆ ಪಾಸಾಗಿದ್ರಿ. ನಾನು ಅವರ ಮುಖ ನೋಡಿದೆ. ಈಗಲೇ ಹೊರಟುಬಿಡಿ, ಯಾರಿಗೂ ಗೊತ್ತಾಗಲ್ಲ."

"ನಾನು ಹೋದ ಮೇಲೆ ಅದು ಬಿದ್ರೆ?"

"ಬೀಳಲ್ಲ ಅಂತಿದೀನಲ್ಲ!"

"ಹಾಗಾದ್ರೆ ಮೇಲೆ ಹೋಗಿ ನೋಡು. ನೋಡಿ, ಅದರಲ್ಲೇ ಇಳಿದು ಬಾ."

ಅದೇನು ಮಹಾ ಎಂದು ಪಾಪಿ ಮೆಟ್ಟಿಲು ಹತ್ತತೊಡಗಿದ. ಲಿಫ್ಟ್ ಬಿಟ್ಟು ಮೆಟ್ಟಿಲು ಯಾಕೆ ಹತ್ತಿದ? ಮೊದಲ ತಿರುವಿನಲ್ಲಿ ಈ ಪ್ರಶ್ನೆ ಹೊಳೆದು ಕಾಲು ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ಅವನು ತನ್ನ ನೆನಪನ್ನು ಮುಟ್ಟಿ ನೋಡಿಕೊಂಡ. ನಿನ್ನೆ ಬ್ರೇಕ್ ಬಿಚ್ಚಿ ನೋಡಿದ್ದೆನಲ್ಲವೆ? ನೋಡಿದ ನೆನಪಿತ್ತು. ಆದರೆ ಅದು ನಿನ್ನೆಯದೋ, ಹೋದ ತಿಂಗಳದೋ? ಎಲ್ಲ ತಿಂಗಳೂ ಅದೇ ಮಾಳಿಗೆ, ಅದೇ ಸ್ಪ್ಯಾನರು, ಅದೇ ಎಣ್ಣೆಯ ವಾಸನೆ. ನಿನ್ನೆ ತರಗತಿಗೆ ಹೊತ್ತಾಗುತ್ತಿತ್ತು, ಅವಸರವಿತ್ತು. ಟೀ ಕುಡಿದದ್ದಂತೂ ನಿಜ. ಸಹಿ ಮೊದಲೋ, ಟೀ ಮೊದಲೋ? ಸುಳ್ಳನ್ನು ಎಷ್ಟು ಚೆನ್ನಾಗಿ ಹೇಳಿದ್ದನೆಂದರೆ, ಈಗ ನಿಜವನ್ನು ನೆನೆದುಕೊಳ್ಳಲು ಹೋದರೆ ಸುಳ್ಳೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಮಾಳಿಗೆ ತಲುಪುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಮೋಟರ್ ಕೋಣೆಯ ಕಬ್ಬಿಣದ ಬಾಗಿಲಿಗೆ ಕೀಲಿ ಹಾಕಲು ಹೋಗಿ ಮೊದಲು ತಪ್ಪು ಕೀಲಿ ತುರುಕಿದ. ಒಂದು ವೇಳೆ ನೋಡಿರದಿದ್ದರೆ? ಬ್ರೇಕ್ ನಿಜವಾಗಿ ಸವೆದಿದ್ದರೆ? ಆಗ ನಿನ್ನೆ ಪರದೆಯ ಹಿಂದೆ ಹೇಳಿದ್ದು ಆಟವೇ ಅಲ್ಲ. ಜೀವನದಲ್ಲಿ ಒಮ್ಮೆ ನಿಜವಾದ ಪಾಪ ಹೇಳಿದ್ದಾನೆ, ಅದು ಅವನಿಗೇ ಗೊತ್ತಿಲ್ಲ. ಇಷ್ಟು ಹೊತ್ತಿಗೆ ಆ ಲಿಫ್ಟಿನಲ್ಲಿ ಎಷ್ಟು ಜನ ಹತ್ತಿ ಇಳಿದಿರಬೇಕಿತ್ತು? ಕೆಳಗೆ ಆ ಮೂಕ ಕಂಬ ಅಡ್ಡ ನಿಂತಿರದಿದ್ದರೆ?

ಬಾಗಿಲು ತೆರೆಯಿತು. ಒಳಗೆ ಕತ್ತಲು. ಬ್ಯಾಗಿನಲ್ಲಿ ಟಾರ್ಚಿಗೆ ತಡಕಾಡಿದ, ಸಿಗಲಿಲ್ಲ. ನಿನ್ನೆ ರಾತ್ರಿಯೂ ಅದು ಕಂಡಿರಲಿಲ್ಲ. ಕಣ್ಣು ಕತ್ತಲಿಗೆ ಒಗ್ಗಿದಾಗ ಮೋಟರಿನ ಪಕ್ಕ, ಬ್ರೇಕಿನ ಮುಚ್ಚಳದ ಮೇಲೆ, ಏನೋ ಮಿಣುಕು ಮಿಣುಕು ಎನ್ನುತ್ತಿತ್ತು. ಟಾರ್ಚು! ಆರಿಸದೆ ಬಿಟ್ಟು ಹೋದದ್ದು, ಇನ್ನೂ ಉಸಿರು ಹಿಡಿದುಕೊಂಡಿತ್ತು. ನಿನ್ನೆ ಈ ಮುಚ್ಚಳ ಬಿಚ್ಚಿ, ನೋಡಿ, ಮತ್ತೆ ಮುಚ್ಚಿದವನ ಬೇಜವಾಬ್ದಾರಿಯೇ ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಕೂತಿತ್ತು. ಆದರೂ ಸ್ಪ್ಯಾನರ್ ತೆಗೆದು ಮತ್ತೊಮ್ಮೆ ಬಿಚ್ಚಿದ. ಬ್ರೇಕಿನ ಪಟ್ಟಿ ದಪ್ಪಗಿತ್ತು, ಹಿಡಿತ ಗಟ್ಟಿಯಾಗಿತ್ತು. ಅಲ್ಲೇ ಎಣ್ಣೆಯ ನೆಲದ ಮೇಲೆ ಕುಸಿದು ಕೂತು ಒಬ್ಬನೇ ನಕ್ಕ. ನಗು ಮುಗಿದ ಮೇಲೆ ಮುಚ್ಚಳ ಹಾಕಿ ಬಿಗಿದ, ಟಾರ್ಚು ಆರಿಸಿ ಬ್ಯಾಗಿಗೆ ಹಾಕಿಕೊಂಡ.

ಲಿಫ್ಟಿನಲ್ಲಿ ಇಳಿದು ಬಂದು ಬಾಗಿಲು ತೆರೆದಾಗ ಕಂಬ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ. ಪಾಪಿಯನ್ನು ಕಂಡವನು ಪಕ್ಕಕ್ಕೆ ಸರಿದ. ಜನ ನುಗ್ಗಿದರು.

"ಅಂತೂ ಕಂಬ ಅಲ್ಲಾಡ್ತು ನೋಡು," ಎಂದಳು ಬಾಗಿಲಿನ ಹೆಂಗಸು. ಅವನ ಹೆಸರೇ ಅದೆಂದು ಅವಳಿಗೇನು ಗೊತ್ತು?

ಸಂಜೆ ಇಬ್ಬರಿಗೂ ಬೀಗದ ಫಾದರ್ ಕೋಣೆಯಿಂದ ಕರೆ ಬಂತು. ಕ್ಲಿನಿಕ್‌ನಿಂದ ಕಾಲೇಜಿಗೆ ದೂರು ಹೋಗಿತ್ತು. ಬಿಳಿ ನಿಲುವಂಗಿಯವರು ಊರಿನಲ್ಲಿ ಇನ್ನೆಲ್ಲಿಂದ ಬರಬೇಕು? ಮುದುಕರು ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಕನ್ನಡಕ ಇರಲಿಲ್ಲ. ಕಾಗದವನ್ನು ತೋಳಿನುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದರು.

"ಯಾಕೆ ನಿಂತೆ ಅಲ್ಲಿ?" ಎಂದು ಕಂಬನನ್ನು ಕೇಳಿದರು.

ಕಂಬ ಸುಮ್ಮನೆ ನಿಂತ.

"ನಿನ್ನೆ ಕೇಳಿದ್ದರಿಂದಲಾ?"

"ನಿನ್ನೆ ಏನು ಕೇಳಿದೆನೋ ನನಗೆ ಗೊತ್ತಿಲ್ಲ, ಫಾದರ್."

"ನಾನೂ ಅದೇ ಕೋಣೆಯಲ್ಲಿದ್ದೆನಲ್ಲಯ್ಯ!"

"ನನಗೆ ಗೊತ್ತಿಲ್ಲ, ಫಾದರ್."

ಮುದುಕರ ಮುಖದಲ್ಲಿ ಒಂದು ಕ್ಷಣ ಏನೋ ಮೆತ್ತಗಾಯಿತು, ಮತ್ತೆ ಗಟ್ಟಿಯಾಯಿತು. "ಮಾತಾಡಿಲ್ಲ, ಒಪ್ಪಿದೆ. ಆದರೆ ನಡೆದುಕೊಂಡೆ. ಕೇಳಿದ್ದನ್ನು ನೆಚ್ಚಿ ನಡೆದುಕೊಂಡವನೂ ಫೇಲು. ಎಲ್ಲರಿಗೂ ಹೇಳಿದ ನಿಯಮ ಅದು."

ಪಾಪಿಗೆ ಒಂದು ದಾರಿ ಕಂಡಿತ್ತು. ಪಾಪ ನಿಜವಾಗಿತ್ತು, ಬ್ರೇಕ್ ನಿಜವಾಗಿಯೂ ಸವೆದಿತ್ತು, ಇವತ್ತು ಗುಟ್ಟಾಗಿ ಸರಿ ಮಾಡಿದೆ ಎಂದುಬಿಟ್ಟರೆ? ಜೀವ ಉಳಿಸಿದವನನ್ನು ಯಾರು ಫೇಲು ಮಾಡುತ್ತಾರೆ? ತನ್ನ ಕೆಲಸ ಹೋದೀತು, ಹೋಗಲಿ. ಇನ್ನೊಂದೇ ಒಂದು ಸುಳ್ಳು ಪಾಪ, ಕೊನೆಯದು, ಎಲ್ಲಕ್ಕಿಂತ ಚೆಂದದ್ದು. ಬಾಯಿ ತೆರೆದೇಬಿಟ್ಟ. ಪಕ್ಕದಲ್ಲಿ ಕಂಬ ಅವನ ಮುಖವನ್ನೇ ನೋಡುತ್ತಿದ್ದ, ಬೆಳಿಗ್ಗೆ ಮೆಟ್ಟಿಲಿನ ಕೆಳಗೆ ನೋಡಿದ ಹಾಗೆಯೇ. ಎರಡೂ ಒಂದೇ ಥರ ಕೇಳಿಸ್ತಿದೆಯಲ್ಲೋ.

"ಪಾಪ ಹೇಳಿದವನ ಬಾಯಿಗೆ ಬೀಗ ಇಲ್ಲ, ಫಾದರ್. ನಾನು ಹೇಳ್ತೀನಿ," ಎಂದ ಪಾಪಿ. ಈ ಸಲ ಧ್ವನಿಯನ್ನು ಎಲ್ಲೂ ಒಡೆಯಲಿಲ್ಲ, ಅದು ಕಪ್ಪೆಯಂತೆ ಒರಟಾಗಿತ್ತು. "ಪಾಪ ಸುಳ್ಳು, ಜಾಗ ನಿಜ. ನಿಯಮ ಮೊದಲು ಮುರಿದವನು ನಾನು. ಕೇಳಿದ ತಕ್ಷಣ ಬಾಯಿಗೆ ಬಂತು, ಹೇಳಿಬಿಟ್ಟೆ. ಚೆನ್ನಾಗಿ ಕೇಳಿಸಲಿ ಅಂತ ಆಸೆ. ಫೇಲು ಮಾಡೋದಿದ್ರೆ ನನ್ನ ಮಾಡಿ."

"ಅದರಿಂದ ನಿನ್ನ ತಪ್ಪು ದೊಡ್ಡದಾಗುತ್ತೆ. ಅವನದು ಸಣ್ಣದಾಗಲ್ಲ," ಎಂದರು ಮುದುಕರು. ಪೆನ್ನು ಎತ್ತಿಕೊಂಡರು. ಪೆನ್ನು ಕಾಗದದ ಮೇಲೆ ನಿಂತಿತು. ಕಂಬ ನೆಲ ನೋಡುತ್ತಿದ್ದ. ಅವನ ದೊಡ್ಡ ಕೈಗಳು ನಿಲುವಂಗಿಯನ್ನು ಹಿಂಡುತ್ತಿದ್ದವು. ಅದನ್ನು ಇನ್ನು ಮೇಲೆ ತೊಡುವುದು ಬೇಕಿಲ್ಲವೆಂದು ಅವುಗಳಿಗೆ ಆಗಲೇ ಗೊತ್ತಾದ ಹಾಗಿತ್ತು.

ಬಾಗಿಲು ಬಡಿದ ಸದ್ದು. ಕ್ಲಿನಿಕ್‌ನ ಬಾಗಿಲಿನ ಹೆಂಗಸು.

"ಮ್ಯಾನೇಜರ್ ಕಳಿಸಿದ್ರು, ಯಾರು ಅಂತ ಗುರುತು ಹಿಡಿದು ಬಾ ಅಂತ. ಇವನೇ ಸ್ವಾಮಿ, ಇದೇ ಕಂಬ..." ಎನ್ನುತ್ತ ಒಳಗೆ ಬಂದವಳು ಮೇಜಿನ ಕಡೆ ತಿರುಗಿ ಗಕ್ಕನೆ ನಿಂತಳು. "ಅಯ್ಯೋ, ಅಜ್ಜ! ನೀವೂ ಇಲ್ಲಿಯವರಾ? ನಿಮ್ಮ ಕನ್ನಡಕ ನನ್ನ ಡ್ರಾಯರಲ್ಲಿದೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡ್ತಿದ್ರಲ್ಲ, ಅಲ್ಲೇ ಬಿಟ್ಟು ಹೋಗಿದೀರಿ."

ಮುದುಕರು ಕೈ ಎತ್ತಿ ತಡೆಯಲು ನೋಡಿದರು. ಅವಳು ಮಾತು ನಿಲ್ಲಿಸಲಿಲ್ಲ.

"ಎಷ್ಟು ಸಲ ಹೇಳಿದೆ, ಲಿಫ್ಟ್ ಇದೆ ಅಜ್ಜ, ಆ ಮಂಡಿ ಇಟ್ಕೊಂಡು ಯಾಕೆ ಹತ್ತುತ್ತೀರಿ ಅಂತ. 'ಮೆಟ್ಟಿಲು ಕಾಲಿಗೆ ಒಳ್ಳೇದಮ್ಮ' ಅಂದ್ರಿ. ನೀವು ಹೋದ ಸ್ವಲ್ಪ ಹೊತ್ತಿಗೆ ಇವನು ಬಂದ, ಇವನೂ ಅದೇ ರಾಗ. ಇಬ್ಬರೂ ಒಂದೇ ಪುಸ್ತಕ ಓದಿದೀರೇನು?"

ನಿನ್ನೆ ಮೂಲೆಯಲ್ಲಿ ಕೋಲು ನೆಲಕ್ಕೆ ತಾಗಿದ ಸದ್ದು ಪಾಪಿಗೆ ಈಗ ಕೇಳಿಸಿತು.

"ನೀನು ಹೊರಗೆ ಕೂತಿರಮ್ಮ, ಸ್ವಲ್ಪ ಹೊತ್ತು," ಎಂದರು ಮುದುಕರು. ಅವಳು ಹೋದ ಮೇಲೆ ಪೆನ್ನು ಕೆಳಗಿಟ್ಟರು. ಸ್ಟೂಲಿನ ಮೇಲಿದ್ದ ಮೊಣಕಾಲನ್ನು ಉಜ್ಜಿಕೊಂಡರು.

"ಆಟ ಅಂತ ನನಗೂ ಗೊತ್ತಿತ್ತು," ಎಂದರು. "ಇಷ್ಟು ವರ್ಷದಿಂದ ಇಂಥ ಆಟ ಆಡಿಸಿದವನು ನಾನು. ಆದರೂ ಆ ಬಾಗಿಲ ಮುಂದೆ ನಿಂತಾಗ ಕಾಲು ತಾನಾಗೇ ಮೆಟ್ಟಿಲ ಕಡೆ ತಿರುಗಿತು. ನಾನು ಹತ್ತಿದೆ. ನನ್ನ ಹಿಂದೆ ಇದ್ದ ಒಂದು ಹೆಂಗಸು, ಮಗು ಎತ್ತಿಕೊಂಡವಳು, ಲಿಫ್ಟಿನಲ್ಲಿ ಹೋದಳು. ಅವಳಿಗೆ ನಾನು ಏನೂ ಹೇಳಲಿಲ್ಲ." ತಲೆ ಎತ್ತಿ ಕಂಬನನ್ನು ನೋಡಿದರು. "ಇಬ್ಬರೂ ಕೇಳಿದ್ದನ್ನು ನೆಚ್ಚಿ ನಡೆದುಕೊಂಡೆವು. ನಾನು ನನ್ನೊಬ್ಬನನ್ನು ಕಾಪಾಡಿಕೊಂಡೆ. ನೀನು ಉಳಿದವರನ್ನು ಹೊತ್ತೆ. ಯಾರು ಯಾರನ್ನು ಫೇಲು ಮಾಡೋದು ಈಗ?"

ಕಂಬನ ಕೈಗಳು ನಿಲುವಂಗಿ ಹಿಂಡುವುದನ್ನು ನಿಲ್ಲಿಸಿದವು.

"ನೀನು ಇನ್ನೂ ಗುರು ಅಲ್ಲ. ನೀನು ಕೇಳಿದ್ದು ಚರ್ಚಿನ ಪವಿತ್ರ ಸಂಸ್ಕಾರವೂ ಅಲ್ಲ, ಒಬ್ಬ ಗೆಳೆಯ ಹೇಳಿದ ಗುಟ್ಟು ಅಷ್ಟೆ. ನನ್ನ ಫೇಲಿನ ನಿಯಮ ಬರೀ ತರಗತಿಯದು, ಜೀವಕ್ಕೆ ಅಪಾಯ ಅಂದಾಗ ಅಂಥ ಗುಟ್ಟು ಬಿಟ್ಟುಕೊಡಬಹುದು. ಹಾಗಾಗಿ ನೀನು 'ಲಿಫ್ಟ್ ಕೆಟ್ಟಿದೆ, ಹತ್ತಬೇಡಿ' ಅಂತ ಬಾಯಿಬಿಟ್ಟೇ ಹೇಳಬಹುದಿತ್ತು, ಪೆದ್ದ! ಅಷ್ಟೊಂದು ಜನರನ್ನ ಹೊರೋದು ಉಳೀತಿತ್ತು." ಮುದುಕರು ಮುಂದಕ್ಕೆ ಬಾಗಿದರು. ಗದರಿಕೆಯಲ್ಲಿದ್ದ ನಗು ಹೋಗಿತ್ತು. "ಆದರೆ ದೀಕ್ಷೆ ಆದ ಮೇಲೆ, ಪರದೆಯ ಆಚೆ ನಿಜವಾದ ಮನುಷ್ಯ ನಿಜವಾದ ಬ್ರೇಕಿನ ಬಗ್ಗೆ ಹೇಳಿದರೆ, ನೀನು ಆ ಲಿಫ್ಟಿನ ಮುಂದೆ ನಿಲ್ಲೋ ಹಾಗಿಲ್ಲ. ಅಡ್ಡ ನಿಂತರೆ ಅವನನ್ನ ಬೆರಳು ಮಾಡಿ ತೋರಿಸಿದ ಹಾಗೆ. ಅವನನ್ನ ಬೇಡಬಹುದು, ಕ್ಷಮೆ ತಡೆಯಬಹುದು, ಅಷ್ಟೆ. ಆಮೇಲೆ ಮನೆಗೆ ಹೋಗಿ ಮಲಗಬೇಕು. ಆಗುತ್ತಾ ನಿನ್ನ ಕೈಲಿ? ಇದು ನಿಜವಾದ ಪರೀಕ್ಷೆ. ಯೋಚನೆ ಮಾಡಿ ಹೇಳು."

ಹೊರಗೆ ಹೆಂಗಸು ಕೆಮ್ಮಿದಳು. ಕಂಬ ಯೋಚಿಸಿದ. ಪಾಪಿಗೆ ಆ ಮೌನದಲ್ಲಿ ತನ್ನ ಇಲ್ಲದ ಹೆಂಡತಿ, ಇಲ್ಲದ ತಮ್ಮ, ಇಷ್ಟು ವರ್ಷ ಹೆಣೆದ ಎಲ್ಲ ಸುಳ್ಳು ಜನ ಸಾಲಾಗಿ ನೆನಪಿಗೆ ಬಂದರು. ಅವರನ್ನೆಲ್ಲ ಈ ಡೀಕನ್‌ಗಳು ಎತ್ತಿಕೊಂಡು ಹೋಗಿ ರಾತ್ರಿ ಎಲ್ಲಿ ಇಳಿಸುತ್ತಿದ್ದರೋ, ಅವನು ಯಾವತ್ತೂ ಕೇಳಿರಲಿಲ್ಲ.

"ಮಲಗೋಕಾಗಲ್ಲ, ಫಾದರ್," ಎಂದ ಕಂಬ. "ಎದ್ದಿರ್ತೀನಿ. ಆದ್ರೆ ಹೋಗಲ್ಲ, ಹೇಳಲ್ಲ."

ಮುದುಕರು ಪೆನ್ನು ಎತ್ತಿಕೊಂಡು, ಕಾಗದವನ್ನು ದೂರ ಹಿಡಿದು, ಸಹಿ ಹಾಕಿದರು. ಏನು ಬರೆದರೆಂದು ಕನ್ನಡಕವಿಲ್ಲದ ಅವರಿಗೂ ಸರಿಯಾಗಿ ಕಂಡಿರಲಿಕ್ಕಿಲ್ಲ. ಆದರೆ ಪಾಸು ಎಂದು ಜೋರಾಗಿಯೇ ಹೇಳಿದರು. ಪಾಪಿಯ ಕಡೆ ತಿರುಗಿ, "ನೀನು ಇನ್ನು ಮೇಲೆ ಆ ಕುರ್ಚಿ ಮೇಲೆ ಕೂರಬೇಡ. ನಿನ್ನ ಕಲೆ ಜನಕ್ಕೆ ಅಪಾಯ," ಎಂದರು.

ಕಂಪನಿಯಲ್ಲಿ ಅವನಿಗೆ ಬೈಗುಳ ಸಿಕ್ಕಿತು. ಟಾರ್ಚು ಮೋಟರ್ ಕೋಣೆಯಲ್ಲಿ ಬಿಟ್ಟದ್ದಕ್ಕೆ ಇನ್ನೊಂದು ಬೈಗುಳ. ಕೆಲಸ ಉಳಿಯಿತು. ತಾಯಿ ಎಲ್ಲ ಕೇಳಿ, "ಇಷ್ಟಕ್ಕೆಲ್ಲ ಓದಬೇಕಿತ್ತೇನೋ? ಸುಳ್ಳು ಹೇಳಬೇಡ ಅಂತ ನಾನು ಒಂದನೇ ಕ್ಲಾಸಲ್ಲೇ ಹೇಳಿದ್ದೆ," ಎಂದರು.

ಗುರುದೀಕ್ಷೆ ಆಯಿತು. ಕಂಬ ಫಾದರ್ ಆದ. ಒಂದು ಶನಿವಾರ ಸಂಜೆ ಪಾಪಿ ಅವನ ಚರ್ಚಿಗೆ ಹೋಗಿ ನಿವೇದನೆಯ ಸಾಲಿನಲ್ಲಿ ನಿಂತ. ಸಾಲು ಸರಿದಂತೆ ಅವನಿಗೆ ದಿಗಿಲು. ಇದ್ದ ಬದ್ದ ಒಳ್ಳೊಳ್ಳೆಯ ಪಾಪಗಳನ್ನೆಲ್ಲ ಅಭ್ಯಾಸಕ್ಕೇ ಖರ್ಚು ಮಾಡಿ ಕೂತಿದ್ದ, ಈಗ ನಿಜವಾಗಿ ಹೇಳಲು ಉಳಿದದ್ದು ಸಣ್ಣಪುಟ್ಟ, ನಾಚಿಕೆಗೇಡಿನ, ಯಾರೂ ಕಣ್ಣೀರು ಹಾಕದಂಥವು. ಮೊಣಕಾಲೂರಿ ಬಾಯಿ ತೆರೆದ. ಧ್ವನಿ ಯಾವ ಜಾಗದಲ್ಲೂ ಅವನ ಮಾತು ಕೇಳಲಿಲ್ಲ.

ಏನು ಹೇಳಿದ ಎಂದು ಅವನು ಯಾರಿಗೂ ಹೇಳಿಲ್ಲ. ಬೇಕಿದ್ದರೆ ಆ ಫಾದರನ್ನೇ ಕೇಳಿ ನೋಡಿ. ಮೆಟ್ಟಿಲು ಹತ್ತಿ, ಕಾಲಿಗೆ ಒಳ್ಳೇದು ಅನ್ನುತ್ತಾರೆ.